ಖರ್ಜೂರದ ಬುಡಕ್ಕೆ ಉಪ್ಪು

ಆರು ವರ್ಷ ಮಣ್ಣಲ್ಲಿ ಕೈಯಿಟ್ಟವಳು ಆಲ್ಬಿನಾ. ಬೇಸಾಯ ಕಲಿಯಲು ಹೊರಟವನು ಅವಳ ಗಂಡ ನೊರ್ಬರ್ಟ್. ಈ ಸುದ್ದಿಯನ್ನು ಅವನು ಹೊರಗೆಡವಿದ್ದು ತೊಂಬತ್ತಮೂರರ ನವೆಂಬರಿನ ಮೊದಲ ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಬಾಂಗ್ಡೆ ಸಾರಿಗೆ ಕುಚ್ಚಲಕ್ಕಿ ಅನ್ನ ಕಲಸುತ್ತಾ, ಪೇಟೆಯಿಂದ ಬಲ್ಬು ತಂದಿದ್ದೇನೆ ಎನ್ನುವಷ್ಟು ಸಲೀಸಾಗಿ.

ಅರಬ್ ದೇಶದ ಈ ಬರ್ಕಾ ಪೇಟೆಯಲ್ಲಿ ಬೀಜ, ಗೊಬ್ಬರ ಮಾರುವ ಕಂಪನಿಯೊಂದು ಹೊಸದಾಗಿ ಬೇಸಾಯಕ್ಕಿಳಿದ ಪರದೇಶದವರಿಗೆ ತರಬೇತಿ ಕೊಡುತ್ತದಂತೆ. ಆರು ಗುರುವಾರ, ಮಧ್ಯಾಹ್ನದ ಮೇಲೆ. ಯಾವ ತಿಂಗಳು ಏನು ಬಿತ್ತಬೇಕು, ನೀರು ಎಷ್ಟು, ಆಳು ಎಷ್ಟು, ಯಾವ ಬೆಳೆ ಗಿಟ್ಟುತ್ತದೆ, ತೋಟವನ್ನು ಅಂಗಡಿಯ ಹಾಗೆ ಶಿಸ್ತಿನಿಂದ ನಡೆಸುವುದು ಹೇಗೆ, ಎಲ್ಲ ಹೇಳಿಕೊಡುತ್ತಾರೆ. ಕೊನೆಗೆ ತೋಟಕ್ಕೇ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತಾರೆ.

"ಇಷ್ಟು ದಿನ ಆ ಕಂಪನಿಯಲ್ಲಿ ಬಿಳಿಯರಿಗೆ ಮಾತ್ರ ಕುರ್ಚಿ. ನಮ್ಮಂಥ ಕಪ್ಪು ಚರ್ಮದವರು ಹೊರಗೆ ಬಿಸಿಲಿಗೆ ನಿಂತು ಬೀಜ ತಕ್ಕೊಂಡು ಬರಬೇಕಿತ್ತು. ಈಗ ನಮಗೂ ಬಾಗಿಲು ತೆಗೆದಿದ್ದಾರೆ," ಎಂದ ನೊರ್ಬರ್ಟ್. ಹಾಗೆ ಹೇಳುವಾಗ ಅವನ ಎದೆ ಉಬ್ಬಿತ್ತು.

ಆಲ್ಬಿನಾ ಸಾರಿನ ಸೌಟು ಕೆಳಗಿಟ್ಟಳು. "ಹೆಂಗಸರಿಗೂ ಉಂಟಾ?"

ಹದಿನೈದರ ಮಗಳು ಇವ್ಲಿನ್ ಕಂಪನಿಯ ನೋಟೀಸನ್ನು ಆಗಲೇ ಓದಿಯಾಗಿತ್ತು. "ಎನಿವನ್ ಕ್ಯಾನ್ ಜಾಯಿನ್ ಅಂತ ಉಂಟು ಮಮ್ಮಿ. ಮೆನ್ ಆರ್ ವಿಮೆನ್. ಕ್ಲಾಸು ಹಿಂದಿಯಲ್ಲಿ."

"ಏಳನೇ ಕ್ಲಾಸು ಕಲಿತವಳು ಅಲ್ಲಿ ಹೋಗಿ ಎಂತ ಮಾಡುವುದು? ಗುರುವಾರ ಅಡುಗೆ ಯಾರು ಮಾಡುವುದು?" ಎಂದ ನೊರ್ಬರ್ಟ್, ಮೀನಿನ ಮುಳ್ಳು ಬಿಡಿಸುತ್ತಾ. ಅವನ ತಾಯಿ ಇಸಾಬೆಲ್ಲಾ ಮಗನ ಬಟ್ಟಲಿಗೆ ಇನ್ನೊಂದು ಬಾಂಗ್ಡೆ ಹಾಕಿ, ಮನೆಗೆ ಒಂದು ಪಾಸು ಸಾಕು, ಗಂಡ ಕಲಿತರೆ ಹೆಂಡತಿ ಕಲಿತ ಹಾಗೆಯೇ ಎಂದಳು. ಮಾತು ಅಲ್ಲಿಗೆ ಮುಗಿಯಿತು. ಬಿಳಿಯರ ಬಾಗಿಲು ತೆರೆದದ್ದಕ್ಕೆ ಅಷ್ಟು ಹಿಗ್ಗಿದ ಮನುಷ್ಯ ತನ್ನ ಮನೆಯ ಬಾಗಿಲನ್ನು ಎಷ್ಟು ಬೇಗ ಮುಚ್ಚಿದ ಎಂದು ಆಲ್ಬಿನಾಳಿಗೆ ಮೈಯೆಲ್ಲ ಉರಿಯಿತು. ಆದರೂ ಅವಳು ಎದ್ದು ಮಜ್ಜಿಗೆ ತಂದಳು.

ಅವಳು ಉಡುಪಿ ಕಡೆಯ ಶಂಕರಪುರದವಳು. ಮಲ್ಲಿಗೆ ಬೆಳೆಯುವ ಕ್ರಿಸ್ತಾಂವ್ ಮನೆಯಲ್ಲಿ ಹುಟ್ಟಿ, ಓದುವುದಕ್ಕಿಂತ ಮೊದಲು ಮೊಗ್ಗು ಕೊಯ್ಯಲು ಕಲಿತವಳು. ನೊರ್ಬರ್ಟ್ ಬರ್ಕಾದಲ್ಲಿ ಖಲ್ಫಾನ್ ಎಂಬವನ ಪಂಪಿನ ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಖಲ್ಫಾನನೇ ಅವನಿಗೆ ವೀಸಾ ಕೊಟ್ಟ ಕಫೀಲ್. ಮನೆಯಲ್ಲಿ ಎಲ್ಲರೂ ಅವನನ್ನು ಅರ್ಬಾಬ್, ಎಂದರೆ ಧಣಿ, ಎನ್ನುತ್ತಿದ್ದರು. ಅರ್ಬಾಬನ ಖರ್ಜೂರದ ತೋಟದ ಹಿಂದೆ ಎರಡು ಕೋಣೆಯ ಮನೆ, ಮನೆಯ ಪಕ್ಕದಲ್ಲಿ ಪಾಳು ಬಿದ್ದ ಮೂರು ಎಕರೆ. ಬಂದ ವರ್ಷವೇ ಆಲ್ಬಿನಾ ಸೀಮೆಎಣ್ಣೆ ಡಬ್ಬದಲ್ಲಿ ಬಸಳೆ ನೆಟ್ಟಳು. ಮರುವರ್ಷ ಬೆಂಡೆ, ಮೂರನೇ ವರ್ಷ ಸೌತೆ, ಟೊಮ್ಯಾಟೊ. ಮತ್ರಾದ ತರಕಾರಿ ವ್ಯಾಪಾರಿ ಹಸೈನಾರ್ ವಾರಕ್ಕೆ ಎರಡು ಸಲ ಪಿಕಪ್ ತಂದು ಮನೆ ಬಾಗಿಲಿನಿಂದಲೇ ಒಯ್ಯುವಷ್ಟು ಬೆಳೆದಳು. ಡೀಸೆಲ್ ಪಂಪು ಚಾಲೂ ಮಾಡುವುದರಿಂದ ಹಿಡಿದು ಕಾಲುವೆ ತಿರುಗಿಸುವವರೆಗೆ ಎಲ್ಲ ಅವಳದೇ ಕೈ. ಊರಿನವರು ಕೇಳಿದರೆ ಮಾತ್ರ ಅದು ನೊರ್ಬರ್ಟನ ತೋಟ.

ಈಗ ಆ ತೋಟದ ಬಾವಿಯ ನೀರು ಉಪ್ಪಾಗುತ್ತಾ ಬಂದಿತ್ತು. ಸಮುದ್ರದ ಬದಿಯ ಬಾವಿಗಳಿಂದ ಹಗಲೂ ರಾತ್ರಿ ನೀರು ಎಳೆದರೆ ಕಡಲ ನೀರು ಒಳಗೆ ನುಗ್ಗದೆ ಮತ್ತೇನಾಗುತ್ತದೆ? ಇನ್ನೊಂದು ವರ್ಷದಲ್ಲಿ ಈ ನೆಲದಲ್ಲಿ ದನದ ಮೇವು ಬಿಟ್ಟು ಬೇರೇನೂ ಆಗದು ಎಂದು ಖಲ್ಫಾನ್ ಹೇಳಿಬಿಟ್ಟಿದ್ದ. ನಖಲ್ ರಸ್ತೆಯಲ್ಲಿ, ಗುಡ್ಡದ ಬುಡಕ್ಕೆ, ಅವನದೇ ಇನ್ನೊಂದು ತೋಟವಿತ್ತು. ಒಳಗೆ ತರಕಾರಿ ಬೆಳೆಯುವ ಎರಡು ಪ್ಲಾಸ್ಟಿಕ್ ಮನೆ, ಸಿಹಿನೀರಿನ ಬಾವಿ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಆಲ್ಬಿನಾ ಬೊಗಸೆ ತುಂಬ ಆ ನೀರು ಕುಡಿದಿದ್ದಳು. ಅಂದಿನಿಂದ ಅವಳ ಮನಸ್ಸು ಅಲ್ಲೇ. ಆದರೆ ಅರ್ಬಾಬ್ ಆ ತೋಟವನ್ನು ಕಂಪನಿಯ ಸರ್ಟಿಫಿಕೇಟು ತಂದವರ ಕೈಗೆ ಮಾತ್ರ, ಮೂರು ವರ್ಷಕ್ಕೆ, ಕೊಡುವವನು. ಸರ್ಟಿಫಿಕೇಟು ಸಿಕ್ಕರೆ ಸಿಹಿನೀರು, ಇಲ್ಲದಿದ್ದರೆ ಅವಳ ಬೇಸಾಯ ಅಲ್ಲಿಗೆ ಸರಿ.

ಗುರುವಾರ ಸಂಜೆ ನೊರ್ಬರ್ಟ್ ಬರುವಾಗ ಕಂಕುಳಲ್ಲಿ ನೀಲಿ ಫೈಲು ಇರುತ್ತಿತ್ತು. ಮುಂದಿನ ವಾರಕ್ಕೆ ಬರೆದು ಒಯ್ಯಬೇಕಾದ ಪ್ರಶ್ನೆಗಳನ್ನು ಅವನು ಮಂಚದ ಮೇಲೆ ಅಡ್ಡಾಗಿ ಓದುತ್ತಿದ್ದ. ಆಲ್ಬಿನಾ ಬೂತಾಯಿ ಮೀನಿನ ಪೊರೆ ಕೆರೆಯುತ್ತಾ ಉತ್ತರ ಹೇಳುತ್ತಿದ್ದಳು. ಸೌತೆಗೆ ಎಷ್ಟು ದಿನಕ್ಕೊಮ್ಮೆ ನೀರು, ಟೊಮ್ಯಾಟೊ ಸಾಲಿನ ನಡುವೆ ಈರುಳ್ಳಿ ಯಾಕೆ, ಬೆಂಡೆ ತೆಗೆದ ನೆಲಕ್ಕೆ ಮತ್ತೆ ಬೆಂಡೆ ಯಾಕೆ ಬೇಡ. ಇವ್ಲಿನ್ ಅದನ್ನು ಚಂದದ ಇಂಗ್ಲಿಷಿಗೆ ಇಳಿಸುತ್ತಿದ್ದಳು. ಕೊನೆಯಲ್ಲಿ ನೊರ್ಬರ್ಟ್ ಎದ್ದು ಕುಳಿತು ಸಹಿ ಹಾಕುತ್ತಿದ್ದ. ಅವನ ಪಾಲಿನ ಕೃಷಿ ಅಷ್ಟೇ.

ಪಾಠ ಹೇಳುವವರು ರಾಜಗೋಪಾಲ ಎಂದು, ಮಂಡ್ಯದ ಕಡೆಯ ಕೃಷಿ ಪದವೀಧರರು. ಮೂರನೇ ವಾರ ಅವರು ಇಡೀ ಕ್ಲಾಸಿನ ಮುಂದೆ ನೊರ್ಬರ್ಟನನ್ನು ಹೊಗಳಿದರಂತೆ. ಮಲಯಾಳಿಗಳು, ಬಂಗಾಲಿಗಳು, ಬಲೂಚಿಗಳು ಸೇರಿ ಇಪ್ಪತ್ತೆರಡು ಮಂದಿ ತಿರುಗಿ ನೋಡಿದರಂತೆ. ರಾತ್ರಿ ಗಂಜಿಗೆ ಕುಳಿತಾಗ ನೊರ್ಬರ್ಟ್ ಅದನ್ನು ಎರಡು ಸಲ ಹೇಳಿದ.

"ಇಷ್ಟು ದಿನ ಈ ತಲೆ ಎಲ್ಲಿತ್ತು ಅಂತ ಕೇಳಿದರು ಮೇಷ್ಟ್ರು."

"ಇಲ್ಲೇ ಒಲೆ ಹತ್ತಿರ ಇತ್ತು ಅಂತ ಹೇಳ್ಬೇಕಿತ್ತು ಡ್ಯಾಡಿ," ಎಂದಳು ಇವ್ಲಿನ್.

ನೊರ್ಬರ್ಟ್ ಕೈ ಎತ್ತಿದ. ಇಸಾಬೆಲ್ಲಾ ನಡುವೆ ಬಂದು ಮೊಮ್ಮಗಳ ಬೆನ್ನಿಗೆ ತಾನೇ ಒಂದು ಬಡಿದು, ಹೆಣ್ಣುಮಗುವಿಗೆ ಇಷ್ಟು ನಾಲಿಗೆ ಆಗಬಾರದು ಎಂದು ಸೊಸೆಯ ಕಡೆ ಕಣ್ಣು ಬಿಟ್ಟಳು. ಆಲ್ಬಿನಾ ಒಣಮೀನಿನ ಚಟ್ನಿಯ ತಟ್ಟೆಯನ್ನು ಗಂಡನ ಎದುರಿನಿಂದ ಎತ್ತಿ ಮಗಳ ಎದುರಿಗಿಟ್ಟಳು. ಆ ದಿನಕ್ಕೆ ಅವಳ ಸಿಟ್ಟಿಗೆ ಅಷ್ಟೇ ಜಾಗ ಸಿಕ್ಕಿದ್ದು.

ಇಸಾಬೆಲ್ಲಾ ವಿಸಿಟ್ ವೀಸಾದಲ್ಲಿ ಬಂದು ಮೂರು ವಾರ ಆಗಿತ್ತಷ್ಟೆ. ಕಟಪಾಡಿಯ ಮನೆಯಲ್ಲಿ ಗಂಡ ತೀರಿಕೊಂಡ ಮೇಲೆ ನಲ್ವತ್ತು ತೆಂಗಿನ ಮರಗಳನ್ನು ಒಬ್ಬಳೇ ಸಾಕಿದ ಹೆಂಗಸು. ಸುಮ್ಮನೆ ಕೂತು ಉಣ್ಣುವುದು ಅವಳಿಗೆ ಆಗುತ್ತಿರಲಿಲ್ಲ. ಕೆಟ್ಟವಳಲ್ಲ, ಮಗನೆಂದರೆ ಕಣ್ಣು ಕಾಣುತ್ತಿರಲಿಲ್ಲ, ಅದೇ ಅವಳ ರೋಗ. ಅತ್ತೆಯನ್ನು ಆಲ್ಬಿನಾ ಕೊಂಕಣಿಯ ರೂಢಿಯಂತೆ ಮಾಂಯ್ ಎಂದು ಕರೆಯುತ್ತಿದ್ದಳು.

ನಾಲ್ಕನೇ ವಾರದ ಪಾಠ ಗೊಬ್ಬರದ ಖರ್ಚು ಇಳಿಸುವುದು ಹೇಗೆ ಎಂದು. ಪ್ರತಿಯೊಬ್ಬರೂ ತಮ್ಮೂರಿನ ಒಂದು ಅಗ್ಗದ ಉಪಾಯವನ್ನು ತೋಟದಲ್ಲಿ ಮಾಡಿ ತೋರಿಸಬೇಕಂತೆ. ನೊರ್ಬರ್ಟ್ ಆಲ್ಬಿನಾಳನ್ನು ಕೇಳುವ ಮೊದಲೇ ಇಸಾಬೆಲ್ಲಾ ಬಾಯಿ ಹಾಕಿದಳು. ಊರಲ್ಲಿ ಮಳೆಗಾಲದ ಸುರುವಿಗೆ ತೆಂಗಿನ ಬುಡ ಬಿಡಿಸಿ, ಬೂದಿ, ಮೀನು, ಮರಕ್ಕೆ ಎರಡು ಸೇರು ಕಲ್ಲುಪ್ಪು ಹಾಕುವುದಿಲ್ಲವೇ? ಉಪ್ಪು ಬಿದ್ದರೆ ಕಾಯಿ ಉದುರುವುದಿಲ್ಲ. ಖರ್ಜೂರವೂ ತೆಂಗಿನ ಜಾತಿಯದೇ ಅಲ್ಲವೇ? ಮನೆಯ ಮುಂದೆ ಖಲ್ಫಾನ್ ಆಗಷ್ಟೇ ಅರವತ್ತು ಖರ್ಜೂರದ ಸಸಿ ನೆಡಿಸಿದ್ದ. ತಂದೆಯ ಕಾಲದ ಮರಗಳ ಬುಡದಿಂದ ಎಬ್ಬಿಸಿ ತಂದ ಕಂದುಗಳು. ಮಕ್ಕಳ ಹಾಗೆ ದಿನಾ ಬಂದು ನೋಡಿ ಹೋಗುತ್ತಿದ್ದ.

"ಮಾಂಯ್, ನಮ್ಮಲ್ಲಿ ಉಪ್ಪು ಹಾಕಿದ ಮೇಲೆ ನಾಲ್ಕು ತಿಂಗಳು ಮಳೆ ತೊಳೀತದೆ. ಇಲ್ಲಿ ಯಾರು ತೊಳೀತಾರೆ? ನೀರೇ ಉಪ್ಪು. ನೆಲದ ಮೇಲೆ ಬೆಳ್ಳಗೆ ಎದ್ದದ್ದು ಕಾಣುವುದಿಲ್ವಾ? ದಯವಿಟ್ಟು ಅದನ್ನು ಮಾಡ್ಬೇಡಿ," ಎಂದಳು ಆಲ್ಬಿನಾ.

"ನಲ್ವತ್ತು ಮರ ಸಾಕಿದವಳಿಗೆ ನೀನು ಹೇಳಿ ಕೊಡ್ತೀಯಾ?" ಎಂದ ನೊರ್ಬರ್ಟ್. ಮ್ಯಾನೇಜ್‌ಮೆಂಟ್ ಎಂದರೆ ಒಬ್ಬರ ಮಾತು ನಡೆಯಬೇಕು, ಹತ್ತು ಜನ ಹತ್ತು ದಿಕ್ಕಿಗೆ ಎಳೆಯಬಾರದು ಎಂದು ಫೈಲಿನಲ್ಲಿ ಬರೆದದ್ದನ್ನು ಓದಿಯೂ ತೋರಿಸಿದ.

ಆ ಭಾನುವಾರ ರುವಿಯಲ್ಲಿದ್ದ ಆಲ್ಬಿನಾಳ ತಂಗಿ ಲಿಲ್ಲಿಗೆ ಹೆರಿಗೆಯಾಯಿತು. ಆಲ್ಬಿನಾ ಐದು ದಿನದ ಕೆಲಸವನ್ನೆಲ್ಲ ಹೇಳಿಕೊಟ್ಟು, ಉಪ್ಪಿನ ಮಾತು ಬೇಡ ಎಂದು ಇನ್ನೊಮ್ಮೆ ಬೇಡಿಕೊಂಡು ಬಾಣಂತಿಯ ಬಳಿಗೆ ಹೋದಳು.

ಮರಳಿ ಬಂದು ಟ್ಯಾಕ್ಸಿಯಿಂದ ಇಳಿದವಳಿಗೆ ಮೊದಲು ಕಂಡದ್ದು ಸಸಿಗಳ ಬುಡದ ಬಿಳಿ ಉಂಗುರ. ನೊರ್ಬರ್ಟ್ ಸಮುದ್ರದ ಬದಿಯ ಮೀನು ಒಣಗಿಸುವ ಶೆಡ್ಡಿನಿಂದ ಅಗ್ಗದ ಕಲ್ಲುಪ್ಪು ಮೂರು ಗೋಣಿ ತಂದಿದ್ದ. ಇಸಾಬೆಲ್ಲಾ ಸೆರಗು ಸಿಕ್ಕಿಸಿ ಅರವತ್ತು ಬುಡಕ್ಕೂ ಅಳೆದು ಹಾಕಿದ್ದಳು. ಮೇಲಿಂದ ಪಂಪು ಬಿಟ್ಟು ಕಟ್ಟೆ ತುಂಬಿಸಿದ್ದರು. ತುಂಬಿ ಉಕ್ಕಿದ ನೀರು ಕಾಲುವೆ ಹಿಡಿದು ನೇರ ಸೌತೆಯ ಸಾಲಿಗೆ ಹರಿದಿತ್ತು. ಹೂ ಬಿಡುತ್ತಿದ್ದ ಬಳ್ಳಿಗಳ ಎಲೆಯ ಅಂಚು ಕಂದಿ ಒಳಕ್ಕೆ ಸುರುಟಿಕೊಂಡಿತ್ತು.

ಅವಳು ಚೀಲ ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. "ಯಾರಿಗೆ ಹೇಳಿದ್ದು ನಾನು? ಕಲ್ಲಿಗೆ ಹೇಳಿದ್ದಾ?" ಎಂದಳು. ಗಂಡನ ಎದುರು ಅವಳು ಸ್ವರ ಎತ್ತಿದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು. ನೊರ್ಬರ್ಟ್ ಹೊಸ ಗೊಬ್ಬರಕ್ಕೆ ಗಿಡ ಹೊಂದಿಕೊಳ್ಳಲು ಎರಡು ವಾರ ಬೇಕು ಎಂದ. ಆರು ವರ್ಷದಲ್ಲಿ ಒಂದು ದಿನ ಮಣ್ಣಿಗೆ ಬಗ್ಗದವರು ಗಿಡದ ಮಾತು ಹೇಳಬೇಡಿ ಎಂದಳು ಅವಳು. ಹೊಟ್ಟೆಕಿಚ್ಚು ಎಂದ ಅವನು. ಇಸಾಬೆಲ್ಲಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿದಳು. ಆ ದಿನ ಮಾಡಿದ ಅನ್ನ ಹಾಗೆಯೇ ಉಳಿಯಿತು.

ಮರುದಿನ ಬೆಳಗಾಗುವಾಗ ಆಲ್ಬಿನಾ ಗುದ್ದಲಿ, ಬುಟ್ಟಿ ಹಿಡಿದು ಸಸಿಗಳ ಬುಡ ಕೆರೆಯಲು ಕುಳಿತಳು. ಮೇಲಿನ ಮಣ್ಣನ್ನೆಲ್ಲ ಎತ್ತಿ ಬೇಲಿಯಾಚೆ ಚೆಲ್ಲಬೇಕು, ಒಳ್ಳೆಯ ಮಣ್ಣು ಹೊತ್ತು ತಂದು ತುಂಬಬೇಕು. ಹತ್ತನೇ ಸಸಿಗೆ ಬರುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಇಸಾಬೆಲ್ಲಾ ತೆಂಗಿನ ಚಿಪ್ಪೊಂದನ್ನು ಹಿಡಿದು ಬಗ್ಗಿ ಕೆರೆಯುತ್ತಿದ್ದಳು.

"ನಾನು ಊರಿನ ಲೆಕ್ಕದಲ್ಲಿ ಹಾಕಿಬಿಟ್ಟೆ," ಎಂದಳು.

ಆಲ್ಬಿನಾ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು. ಎಂಟು ದಿನ ಇಬ್ಬರೂ ಒಟ್ಟಿಗೆ ಕೆರೆದರು, ಒಟ್ಟಿಗೆ ಹೊತ್ತರು. ಅರವತ್ತರಲ್ಲಿ ಹನ್ನೊಂದು ಸಸಿ ಸತ್ತವು, ನಲ್ವತ್ತೊಂಬತ್ತು ಉಳಿದವು. ಸೌತೆಯ ಅರ್ಧ ಸಾಲು ಹೋಯಿತು. ಸಿಹಿನೀರಿನ ಟ್ಯಾಂಕರ್ ತರಿಸಿ ತೊಳೆದದ್ದಕ್ಕೆ ಉಳಿದರ್ಧ ಚೇತರಿಸಿತು. ನೊರ್ಬರ್ಟ್ ಆ ಎಂಟು ದಿನವೂ ಅಂಗಡಿಯಲ್ಲಿ ತುಂಬ ಕೆಲಸ ಎಂದು ತಡವಾಗಿ ಬರುತ್ತಿದ್ದ. ಉಪ್ಪು ಬೀಳುವ ಮೊದಲೇ ಖಲ್ಫಾನ್ ಬುರೈಮಿಯ ಅಂಗಡಿ ನೋಡಲು ಹೋಗಿದ್ದ, ಪರೀಕ್ಷೆಯವರೆಗೂ ಊರಲ್ಲಿರಲಿಲ್ಲ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು ಪರೀಕ್ಷೆಗೆ ರಾಜಗೋಪಾಲರು ಬಂದರು. ಜೊತೆಗೆ ಖಲ್ಫಾನನೂ ಇದ್ದ. ನೊರ್ಬರ್ಟ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಫೈಲು ಹಿಡಿದು ಮುಂದೆ ನಡೆದ. ಆಲ್ಬಿನಾ ನಿಂಬೆ ಶರಬತ್ತಿನ ತಟ್ಟೆ ಹಿಡಿದು ಹಿಂದೆ. ಒಣಗಿ ನಿಂತ ಹನ್ನೊಂದು ಸಸಿಗಳ ಎದುರು ಖಲ್ಫಾನನ ಕಾಲು ನಿಂತಿತು. ರಾಜಗೋಪಾಲರು ಕೂತು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಉಪ್ಪಿಗೆ ಸುಟ್ಟೋಗಿವೆಯಲ್ರೀ. ಯಾರು ಹಾಕಿದ್ದು ಇದನ್ನ?" ಎಂದು ಕನ್ನಡದಲ್ಲಿ ಕೇಳಿದರು.

"ನಾನು ಅಂಗಡಿಯಲ್ಲಿದ್ದಾಗ ನನ್ನ ಹೆಂಡತಿ ಹಾಕಿದ್ದು ಸಾರ್," ಎಂದ ನೊರ್ಬರ್ಟ್. ಒಂದು ಚೂರೂ ತಡವರಿಸಲಿಲ್ಲ. "ಊರಿನ ಅಭ್ಯಾಸ. ಓದಿದವಳಲ್ಲ. ಅದಕ್ಕೇ ನಮ್ಮವರಿಗೆ ಟ್ರೈನಿಂಗ್ ಬೇಕು ಅನ್ನುವುದು." ಅದನ್ನೇ ಖಲ್ಫಾನನಿಗೆ ಹಿಂದಿಯಲ್ಲಿಯೂ ಹೇಳಿದ.

ಇಸಾಬೆಲ್ಲಾ ಅಲ್ಲೇ, ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಹಿಂದಿ ಬಾರದು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಹೌದೇನಮ್ಮಾ, ನೀವಾ ಹಾಕಿದ್ದು?" ಎಂದರು ರಾಜಗೋಪಾಲರು, ಆಲ್ಬಿನಾಳ ಮುಖ ನೋಡಿ.

ಅಲ್ಲ ಎಂದರೆ ಫೈಲು ಅಲ್ಲಿಗೆ ಮುಚ್ಚುತ್ತದೆ. ನಖಲ್ ರಸ್ತೆಯ ತೋಟ ಕ್ಲಾಸಿನ ಬೇರೆ ಯಾರಿಗೋ ಹೋಗುತ್ತದೆ. ಈ ಉಪ್ಪು ನೆಲವೂ ಕೈಬಿಡುತ್ತದೆ. ಗಂಡನ ಕೆನ್ನೆಗೆ ಶರಬತ್ತಿನ ತಟ್ಟೆಯನ್ನೇ ಬೀಸಬೇಕು ಅನ್ನಿಸಿತು ಅವಳಿಗೆ. ಅವಳು ಅತ್ತೆಯ ಕಡೆ ನೋಡಿದಳು. ಇಸಾಬೆಲ್ಲಾ ನೆಲ ನೋಡುತ್ತಿದ್ದಳು.

"ಹೌದು," ಎಂದಳು ಆಲ್ಬಿನಾ.

"ಮತ್ತೆ ಉಳಿದವನ್ನ ಮಣ್ಣು ಕೆರೆದು ಬದುಕಿಸಿದ್ದು ಯಾರು?"

"ನಾನು ಹೇಳಿ ಮಾಡಿಸಿದ್ದು ಸಾರ್," ಎಂದ ನೊರ್ಬರ್ಟ್.

ರಾಜಗೋಪಾಲರು ತಟ್ಟೆ ಹಿಡಿದ ಆಲ್ಬಿನಾಳ ಒಡೆದ ಉಗುರುಗಳನ್ನು ನೋಡಿದರು, ಫೈಲನ್ನು ನೋಡಿದರು. ಕೇಳಿದ್ದಕ್ಕೆ ಅವಳೇ ಹೌದು ಎಂದ ಮೇಲೆ ಅವರೇನು ಮಾಡಿಯಾರು? ಸಹಿ ಹಾಕಿದರು.

ಹೊಸ ವರ್ಷದ ಮೊದಲ ವಾರ ಖಲ್ಫಾನ್ ಬೀಗದ ಕೈ ತಂದ. ಅಂಗಳದ ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿದು, ನೊರ್ಬರ್ಟನ ಕೈಗೆ ಅದನ್ನು ಕೊಟ್ಟ. ಆಮೇಲೆ ತನ್ನ ಮುರುಕು ಹಿಂದಿಯಲ್ಲಿ, ಸತ್ತ ಸಸಿಗಳ ಕಡೆ ಬೆರಳು ತೋರಿಸಿ, ಒಂದೇ ಒಂದು ಷರತ್ತು ಹಾಕಿದ.

"ತೋಟ ನಿನ್ನದು. ಆದರೆ ನಿನ್ನ ಹೆಂಡತಿ ಅಲ್ಲಿ ಕಾಲಿಡಬಾರದು. ನನ್ನ ತಂದೆಯ ಮರಕ್ಕೆ ಉಪ್ಪು ಹಾಕಿದ ಕೈ ಅದು. ಅಲ್ಲಿ ಒಂದು ಎಲೆ ಮುಟ್ಟಬಾರದು."

ಆಲ್ಬಿನಾಳಿಗೆ ಹಿಂದಿ ಅರ್ಥವಾಗುತ್ತಿತ್ತು. ಅವಳು ಗಂಡನ ಬಾಯಿಯನ್ನೇ ನೋಡಿದಳು. ಇನ್ನಾದರೂ ಹೇಳಿಯಾನು, ಒಂದೇ ಮಾತು, ಅರ್ಬಾಬ್ ಅದು ಅವಳಲ್ಲ ಎಂದು. ನೊರ್ಬರ್ಟ್ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಸರಿ ಅರ್ಬಾಬ್," ಎಂದ.

ಅರ್ಬಾಬನ ಕಾರು ಹೊರಟ ಮೇಲೆ ಅವನು, ಸ್ವಲ್ಪ ದಿನ ಹೋಗಲಿ, ನಾನು ಸರಿ ಮಾಡ್ತೇನೆ ಎಂದ. ಅಷ್ಟರವರೆಗೆ ನೀನು ಮನೆಯಲ್ಲಿ ಕೂತು ಹೇಳಿದರೆ ಸಾಕು, ನಾನು ಬರೆದುಕೊಂಡು ಹೋಗಿ ಮಾಡ್ತೇನೆ ಎಂದ. ಅವನಿಗೆ ನಾಚಿಕೆ ಅನ್ನುವುದೇ ಇರಲಿಲ್ಲವೋ, ಇದ್ದರೂ ಎಲ್ಲೋ ಮಡಚಿ ಇಟ್ಟಿದ್ದನೋ.

"ಹೌದು ಅಂದದ್ದು ನಾನು ಆ ನೀರಿಗೋಸ್ಕರ," ಎಂದಳು ಆಲ್ಬಿನಾ. "ನಿಮಗೋಸ್ಕರ ಅಲ್ಲ. ಉಪ್ಪು ಯಾರು ಹಾಕಿದ್ದು ಅಂತ ಅರ್ಬಾಬನಿಗೆ ಹೇಳಿ ಬನ್ನಿ. ಹೇಳಿದ ದಿನ ಬರ್ತೇನೆ. ಅಲ್ಲಿವರೆಗೆ ಗಿಡದ ಬಗ್ಗೆ ಒಂದು ಅಕ್ಷರ ನನ್ನ ಹತ್ತಿರ ಕೇಳ್ಬೇಡಿ."

ಅಂದಿನಿಂದ ಆ ಮನೆಯಲ್ಲಿ ಅಡುಗೆ ಆಗುತ್ತಿತ್ತು, ಬಟ್ಟೆ ಒಗೆಯಲಾಗುತ್ತಿತ್ತು, ಮಾತು ಆಗುತ್ತಿರಲಿಲ್ಲ. ನೊರ್ಬರ್ಟ್ ಬೆಳಿಗ್ಗೆ ಅಂಗಡಿಗೆ ಮೊದಲು, ಸಂಜೆ ಅಂಗಡಿಯ ನಂತರ ಫೈಲು ಹಿಡಿದು ನಖಲ್ ರಸ್ತೆಗೆ ಹೋಗುತ್ತಿದ್ದ. ಪಂಪು ಚಾಲೂ ಮಾಡಲು ಹೋಗಿ ಮೊದಲ ದಿನ ಮುಂಗೈ ಉಳುಕಿಸಿಕೊಂಡು ಬಂದ. ಇಸಾಬೆಲ್ಲಾ ಎಣ್ಣೆ ಉಜ್ಜಿದಳು. ಈಗೀಗ ಅವಳು ಮಗನಿಗಿಂತ ಮೊದಲು ಸೊಸೆಗೆ ಬಡಿಸುತ್ತಿದ್ದಳು. ಇವ್ಲಿನ್ ಶಾಲೆಯ ವ್ಯಾನಿನಿಂದ ಇಳಿದ ಕೂಡಲೇ ತಾಯಿಯ ಮುಖ ನೋಡಿ, ಅಪ್ಪ ಇವತ್ತೂ ಹೇಳಲಿಲ್ಲ ಎಂದು ತಿಳಿದುಕೊಂಡು ಒಳಗೆ ಹೋಗುತ್ತಿದ್ದಳು.

ಫೆಬ್ರವರಿಯ ಸುರುವಿಗೆ ನೊರ್ಬರ್ಟ್ ಒಂದು ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅವಳ ಒಲೆಯ ಪಕ್ಕದಲ್ಲಿಟ್ಟ. ಸೌತೆಯ ಎಲೆ. ಮೇಲೆ ಹಳದಿ ಚೌಕಗಳು. ಅವಳು ತಿರುಗಿಸಿ ನೋಡಿದಳು, ಕೆಳಗೆ ಬೂದು ಬೂಜು. ಪ್ಲಾಸ್ಟಿಕ್ ಮನೆಯ ಕಿಟಕಿಗಳನ್ನು ಚಳಿಗೆಂದು ಮುಚ್ಚಿಟ್ಟು ಒಳಗೆ ನೀರು ಚಿಮುಕಿಸಿದರೆ ಬರುವ ರೋಗ. ಇವತ್ತೇ ಗಾಳಿ ಬಿಟ್ಟು, ರೋಗದ ಎಲೆ ಕಿತ್ತು, ಮೈಲುತುತ್ತ ಸುಣ್ಣದ ನೀರು ಹೊಡೆದರೆ ಉಳಿಯುತ್ತದೆ. ಒಂದು ವಾರ ಬಿಟ್ಟರೆ ಎರಡು ಮನೆಯೂ ಖಾಲಿ.

"ಎಂತ ಇದು? ಎಂತ ಮಾಡ್ಬೇಕು?" ಎಂದ ಅವನು. ಸ್ವರ ಸಣ್ಣದಾಗಿತ್ತು.

"ಅರ್ಬಾಬನ ಮನೆಗೆ ಹೋಗ್ಬೇಕು," ಎಂದಳು ಅವಳು.

ಅವನು ಹೋದ. ಕಾಫಿ ಕುಡಿದು, ಖರ್ಜೂರ ತಿಂದು, ಏನೂ ಹೇಳದೆ ಬಂದ. ಮರುದಿನವೂ ಹೋದ, ಹಾಗೆಯೇ ಬಂದ. ಮೂರನೇ ಸಲ ಜನ ತುಂಬ ಇದ್ದರು ಎಂದ. ಅಲ್ಲಿ ಎಲೆ ಒಂದೊಂದಾಗಿ ಒಣಗುತ್ತಿರುವುದು ಆಲ್ಬಿನಾಳಿಗೆ ಇಲ್ಲಿ ಕೂತೇ ಕಾಣುತ್ತಿತ್ತು. ಅವಳಿಗೆ ಊಟ ಸೇರುತ್ತಿರಲಿಲ್ಲ. ಮದ್ದು ಗೊತ್ತಿದ್ದೂ ಬಾಯಿ ಬಿಡದೆ ಇರುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಒಂದು ಮಾತಿನಲ್ಲಿ ಉಳಿಯುವ ಗಿಡಗಳನ್ನು ಆ ಒಂದು ಮಾತು ಹೇಳಲಾರದೆ ಅವನು ಸಾಯಿಸಿದ.

ಮುಂದಿನ ಶುಕ್ರವಾರ, ನಮಾಜು ಮುಗಿಸಿ ಖಲ್ಫಾನ್ ನೇರ ಮನೆಗೆ ಬಂದ. ತೋಟ ನೋಡಿಕೊಂಡೇ ಬಂದಿದ್ದ. ಕುಳಿತುಕೊಳ್ಳಲಿಲ್ಲ. ಎರಡು ಮನೆಯ ಸೌತೆಯೂ ಒಣ ಹುಲ್ಲಾಗಿದೆ, ಸರ್ಟಿಫಿಕೇಟು ತಂದವನು ಏನು ಮಾಡುತ್ತಿದ್ದೆ ಎಂದು ಕೇಳಿದ. ಆಲ್ಬಿನಾ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಇಸಾಬೆಲ್ಲಾ ಜಗಲಿಯಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಅಜ್ಜಿ ಊರಿಗೆ ಮರಳಲು ಇನ್ನು ಐದೇ ದಿನ.

ನೊರ್ಬರ್ಟನ ಕಣ್ಣು ಮೊದಲು ಕಿಟಕಿಯ ಕಡೆ ಹೋಯಿತು. ಆದರೆ ಆ ಹೆಂಗಸು ತೋಟಕ್ಕೆ ಕಾಲಿಡಬಾರದೆಂದು ಹೇಳಿದವನೇ ಎದುರಿಗೆ ನಿಂತಿದ್ದಾನೆ. ಅವಳ ಮೇಲೆ ಹಾಕುವ ಹಾಗಿಲ್ಲ. ಕಣ್ಣು ಅಲ್ಲಿಂದ ಸರಿದು ಜಗಲಿಗೆ ಬಂದು ನಿಂತಿತು.

"ನನ್ನ ತಾಯಿ ಅರ್ಬಾಬ್," ಎಂದ ಹಿಂದಿಯಲ್ಲಿ, ಬೆರಳು ತೋರಿಸಿ. "ಮುದುಕಿ. ಅಲ್ಲಿಗೆ ಬಂದಿದ್ದಳು. ನಾನಿಲ್ಲದಾಗ ಕಿಟಕಿಯೆಲ್ಲ ಮುಚ್ಚಿ ನೀರು ಚೆಲ್ಲಿಬಿಟ್ಟಳು. ಅವಳಿಗೆ ತಿಳಿಯುವುದಿಲ್ಲ."

ಇಸಾಬೆಲ್ಲಾಳಿಗೆ ಮಾತು ಅರ್ಥವಾಗಲಿಲ್ಲ. ಬೆರಳು ಅರ್ಥವಾಯಿತು.

"ಎಂತ ಹೇಳ್ತಾನೆ ಅವನು ನನ್ನ ವಿಷಯ?" ಎಂದು ಮೊಮ್ಮಗಳನ್ನು ಕೇಳಿದಳು.

ಇವ್ಲಿನ್ ಅಪ್ಪನನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಲ್ಬಿನಾ ಅಕ್ಕಿಯ ಮೊರವನ್ನು ಕೆಳಗಿಟ್ಟಿದ್ದಳು.

"ತೋಟದಲ್ಲಿ ಗಿಡ ಸತ್ತದ್ದು ನಿಮ್ಮಿಂದ ಅಂತೆ ಅಜ್ಜಿ. ನೀವು ಹೋಗಿ ಕಿಟಕಿ ಮುಚ್ಚಿದ್ದಂತೆ."

ಇಸಾಬೆಲ್ಲಾ ಆ ತೋಟ ಯಾವ ದಿಕ್ಕಿಗಿದೆ ಎಂದೂ ಅರಿಯಳು. ಬಂದಂದಿನಿಂದ ಅವಳು ನೋಡಿದ್ದು ಈ ಅಂಗಳ, ಸಮುದ್ರದ ಬದಿ, ರುವಿಯ ಇಗರ್ಜಿ. ಬಾಚಣಿಗೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ಮೊಮ್ಮಗಳ ಭುಜ ಹಿಡಿದು ಎದ್ದಳು. ನೊರ್ಬರ್ಟ್, ಅಮ್ಮ ನೀವು ಒಳಗೆ ಹೋಗಿ, ಇದು ಗಂಡಸರ ಮಾತು ಎಂದ ಕೊಂಕಣಿಯಲ್ಲಿ. ಅವಳು ಅವನನ್ನು ದಾಟಿ ಬಂದು ಖಲ್ಫಾನನ ಎದುರು ನಿಂತಳು.

"ಇವ್ಲಿನ್, ನಾನು ಹೇಳುವುದನ್ನು ಇವರಿಗೆ ಹಿಂದಿಯಲ್ಲಿ ಹೇಳು. ಒಂದು ಅಕ್ಷರ ಬಿಡಬೇಡ, ಒಂದು ಅಕ್ಷರ ಸೇರಿಸಬೇಡ. ಉಪ್ಪಿನಿಂದ ಸುರು ಮಾಡುವ. ಉಪ್ಪು ತಂದದ್ದು ನನ್ನ ಮಗ. ಹಾಕಿದ್ದು ನಾನು. ಬೇಡ ಅಂತ ಬೇಡಿಕೊಂಡದ್ದು, ಕೆರೆದು ತೆಗೆದದ್ದು ನನ್ನ ಸೊಸೆ. ಮೇಷ್ಟ್ರು ಕೇಳಿದಾಗ ಇವನು ಸುಳ್ಳು ಹೇಳಿದ. ನಾನು ಅಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಅದರ ಫಲ ಸಿಕ್ಕಿತು."

ಇವ್ಲಿನ್ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಖಲ್ಫಾನ್ ಪೂರ್ತಿ ಕೇಳಿ, ಉಳಿದ ನಲ್ವತ್ತೊಂಬತ್ತು ಸಸಿಗಳ ಕಡೆ ಒಮ್ಮೆ ನೋಡಿ, ಕಿಟಕಿಯ ಕಡೆಗೆ ತಿರುಗಿದ. ಹಾಗಾದರೆ ಆ ದಿನ ಹೌದು ಎಂದು ಯಾಕೆ ಹೇಳಿದೆ ಎಂದು ಆಲ್ಬಿನಾಳನ್ನು ಕೇಳಿದ.

ಆಲ್ಬಿನಾ ಹೊರಗೆ ಬಂದಳು. ಗಂಡನ ಕಡೆ ನೋಡಲಿಲ್ಲ.

"ನನಗೆ ಆ ನೀರು ಬೇಕಿತ್ತು ಅರ್ಬಾಬ್," ಎಂದಳು ತನಗೆ ಬಂದ ಹಿಂದಿಯಲ್ಲಿ. "ಅವತ್ತು ಯಾರ ಹೆಸರಲ್ಲಿ ಸಿಕ್ಕಿದರೂ ಸಾಕಿತ್ತು. ಇವತ್ತು ನನ್ನ ಹೆಸರಲ್ಲೇ ಬೇಕು. ಆ ಕ್ಲಾಸಿಗೆ ನಾನೇ ಹೋಗ್ತೇನೆ."

ಖಲ್ಫಾನ್ ಅವಳತ್ತ ತಲೆಯಾಡಿಸಿದ. ಆಮೇಲೆ ನೊರ್ಬರ್ಟನ ಮುಖ ನೋಡದೆಯೇ ಅವನ ಮುಂದೆ ಅಂಗೈ ಚಾಚಿ ಬೀಗದ ಕೈ ಕೇಳಿದ.